ಎಲ್ಲ ನೆಲದ ಬಂಡಿ: ಹೊಸ ಸವಾರನ ಮೊದಲ ಪಾಠಗಳು

ನಾಲ್ಕು ಕಾಲಿನ ಮೇಲೆ ನಿಂತದ್ದು ಬೀಳದು ಎಂಬುದು ಲೋಕದ ಸಾಮಾನ್ಯ ನಂಬಿಕೆ. ಮನುಷ್ಯನು ಮಂಚವನ್ನು ನಂಬಿ ಮಲಗುತ್ತಾನೆ, ಕುರ್ಚಿಯನ್ನು ನಂಬಿ ಕುಳಿತುಕೊಳ್ಳುತ್ತಾನೆ, ನಾಲ್ಕು ಚಕ್ರದ ಕಾರನ್ನು ನಂಬಿ ಹೆಂಡತಿ ಮಕ್ಕಳೊಡನೆ ದೂರದ ಊರಿಗೆ ಹೊರಡುತ್ತಾನೆ. ಎರಡು ಚಕ್ರದ ಸೈಕಲ್ಲಿನ ವಿಷಯದಲ್ಲಿ ಮಾತ್ರ ಅವನಿಗೆ ಅಂಥ ಭರವಸೆಯಿಲ್ಲ. ಬಾಲ್ಯದಲ್ಲಿ ತರಚಿದ ಮಂಡಿಗಳು ಆ ಪಾಠವನ್ನು ಮರೆಯದಂತೆ ಕಲಿಸಿರುತ್ತವೆ. ಆದರೆ ನಾಲ್ಕು ಚಕ್ರಗಳಿದ್ದೂ ಸೈಕಲ್ಲಿಗಿಂತ ಹೆಚ್ಚಿನ ಎಚ್ಚರವನ್ನು ಬೇಡುವ ವಾಹನವೊಂದಿದೆ. ಅದರ ಅಗಲವಾದ ಚಕ್ರಗಳನ್ನು ನೋಡಿ ಮೋಸಹೋದವರ ಸಂಖ್ಯೆ ಸಣ್ಣದಲ್ಲ.

ಇಂಗ್ಲಿಷಿನಲ್ಲಿ ಅದಕ್ಕೆ ಆಲ್ ಟೆರೇನ್ ವೆಹಿಕಲ್ ಎಂದು ಹೆಸರು; ಬಾಯಿಮಾತಿನಲ್ಲಿ ಎ.ಟಿ.ವಿ. ಅಥವಾ ಕ್ವಾಡ್ ಬೈಕ್. ಕನ್ನಡದಲ್ಲಿ 'ಎಲ್ಲ ನೆಲದ ಬಂಡಿ' ಎಂದರೆ ಒಪ್ಪುತ್ತದೆ. ಮರಳು, ಕೆಸರು, ಹಿಮ, ಕಲ್ಲುಹಾದಿ ಯಾವುದಾದರೂ ಸರಿ, ಉಬ್ಬಿದ ಟೈರುಗಳ ಮೇಲೆ ತೇಲಿದಂತೆ ಅದು ಸಾಗುತ್ತದೆ. ಕುಳಿತುಕೊಳ್ಳುವ ರೀತಿ ಕುದುರೆಯ ಮೇಲೆ ಕುಳಿತಂತೆ; ತಿರುಗಿಸುವುದು ಮೋಟಾರು ಸೈಕಲ್ಲಿನಂತೆ ಹ್ಯಾಂಡಲಿನಿಂದ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬೇಟೆಗಾರರೂ ರೈತರೂ ವಿಹಾರಪ್ರಿಯರೂ ಇದನ್ನು ಬಳಸುತ್ತಾರೆ. ಆಸ್ಟ್ರೇಲಿಯ, ನ್ಯೂಜಿಲೆಂಡುಗಳಲ್ಲಿ ಕುರಿ ದನಗಳನ್ನು ಅಟ್ಟುವ ರೈತನಿಗೆ ಇದು ಕುದುರೆಯ ಸ್ಥಾನವನ್ನು ಪಡೆದಿದೆ. ಭಾರತದಲ್ಲಿ ಕಚ್ಛದ ರಣದಂಥ ದಾರಿಯಿಲ್ಲದ ನೆಲದಲ್ಲಿ ಗಡಿ ಭದ್ರತಾ ಪಡೆಯವರು ಇದನ್ನು ಉಪಯೋಗಿಸುತ್ತಾರೆ. ಕೊಡಗು, ಚಿಕ್ಕಮಗಳೂರುಗಳ ವಿಹಾರಧಾಮಗಳಲ್ಲಿ ರಜೆಗೆ ಬಂದ ಕುಟುಂಬಗಳ ಮುಂದೆಯೂ ಈಗ ಇದು ಬಂದು ನಿಂತಿದೆ.

ಹುಟ್ಟಿದ ಬಗೆ

ಈ ವಾಹನದ ಹುಟ್ಟಿಗೆ ಕಾರಣವಾದದ್ದು ಚಳಿಗಾಲ. ಹಿಮ ಬಿದ್ದಾಗ ಮೋಟಾರು ಸೈಕಲ್ಲುಗಳನ್ನು ಕೊಳ್ಳುವವರಿಲ್ಲದೆ ಅಮೆರಿಕದ ವ್ಯಾಪಾರಿಗಳು ಕೈಕಟ್ಟಿ ಕುಳಿತಿರುತ್ತಿದ್ದರು. ಆ ಕಾಲದಲ್ಲಿಯೂ ಮಾರಬಹುದಾದ ಒಂದು ವಾಹನ ಬೇಕೆಂದು ಅವರು ಜಪಾನಿನ ಹೊಂಡ ಕಂಪೆನಿಯನ್ನು ಕೇಳಿದರು. ಒಸಾಮು ಟಕೆಯುಚಿ ಎಂಬ ಎಂಜಿನಿಯರು ಎರಡು ಚಕ್ರದಿಂದ ಆರು ಚಕ್ರದವರೆಗೆ ನಾನಾ ಮಾದರಿಗಳನ್ನು ಪರೀಕ್ಷಿಸಿ, ಕೊನೆಗೆ ಮೂರು ಚಕ್ರದ ಬಂಡಿಯನ್ನು ಆರಿಸಿದನು. ೧೯೭೦ರಲ್ಲಿ ಅದು ಯು.ಎಸ್. ೯೦ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ಇಂಜಿನ್ ೮೯ ಸಿ.ಸಿ., ಬೆಲೆ ೫೯೫ ಡಾಲರು. ಅದಕ್ಕೆ ಸ್ಪ್ರಿಂಗುಗಳ ಆಧಾರವೇ ಇರಲಿಲ್ಲ. ಅತಿ ಕಡಿಮೆ ಗಾಳಿಯ ಉಬ್ಬು ಟೈರುಗಳೇ ನೆಲದ ಕುಲುಕಾಟವನ್ನು ನುಂಗಬೇಕಾಗಿತ್ತು. ಮರುವರ್ಷವೇ ಜೇಮ್ಸ್ ಬಾಂಡನ ಚಲನಚಿತ್ರವೊಂದರಲ್ಲಿ ಅದು ಕಾಣಿಸಿಕೊಂಡಿತು. ಜನಪ್ರಿಯತೆಗೆ ಇನ್ನೇನು ಬೇಕು?

ಮೂರು ಚಕ್ರದ ಬಂಡಿ ನೋಡಲು ಮಕ್ಕಳ ಆಟಿಕೆಯಂತಿತ್ತು. ಆದರೆ ತಿರುವಿನಲ್ಲಿ ಅದು ಥಟ್ಟನೆ ಮಗುಚುತ್ತಿತ್ತು. ೧೯೮೨ರಲ್ಲಿ ಸುಜುಕಿ ಕಂಪೆನಿಯು ನಾಲ್ಕು ಚಕ್ರದ ಮಾದರಿಯನ್ನು ಹೊರತಂದಿತು. ಉಳಿದ ಕಂಪೆನಿಗಳೂ ಅದನ್ನು ಅನುಸರಿಸಿದವು. ಅಷ್ಟರಲ್ಲಿ ಗಾಯಗೊಂಡವರ ಲೆಕ್ಕ ಸರ್ಕಾರದ ಕಣ್ಣಿಗೆ ಬಿದ್ದಿತ್ತು. ೧೯೮೮ರಲ್ಲಿ ನ್ಯಾಯಾಲಯದ ಮುಂದೆ ಆದ ಒಪ್ಪಂದದಂತೆ ದೊಡ್ಡ ಕಂಪೆನಿಗಳು ಹೊಸ ಮೂರು ಚಕ್ರದ ಬಂಡಿಗಳ ಮಾರಾಟವನ್ನು ನಿಲ್ಲಿಸಿದವು; ಯಂತ್ರಗಳ ಮೇಲೆ ಎಚ್ಚರಿಕೆಯ ಫಲಕಗಳನ್ನು ಅಂಟಿಸಲು, ಕೊಂಡವರಿಗೆ ಉಚಿತ ತರಬೇತಿ ಕೊಡಿಸಲು, ಮಕ್ಕಳಿಗೆ ದೊಡ್ಡ ಯಂತ್ರಗಳನ್ನು ಮಾರದಿರಲು ಒಪ್ಪಿದವು. ೨೦೦೮ರ ಕಾನೂನಿನಿಂದ ಮೂರು ಚಕ್ರದ ಹೊಸ ಬಂಡಿಗೆ ಅಮೆರಿಕದ ಮಾರುಕಟ್ಟೆಯ ಬಾಗಿಲೇ ಮುಚ್ಚಿತು.

ಹಾಗಾದರೆ ನಾಲ್ಕನೆಯ ಚಕ್ರ ಬಂದ ಮೇಲೆ ಅಪಾಯ ಮುಗಿಯಿತೇ? ಇಲ್ಲ. ೨೦೧೫ರಿಂದ ೨೦೧೭ರವರೆಗಿನ ಮೂರೇ ವರ್ಷಗಳಲ್ಲಿ ಎ.ಟಿ.ವಿ. ಮತ್ತು ಅದರ ಜಾತಿಯ ಇತರ ವಾಹನಗಳ ಅಪಘಾತಗಳಿಂದ ೨,೨೧೧ ಸಾವುಗಳನ್ನು ಅಮೆರಿಕದ ಗ್ರಾಹಕ ಸರಕುಗಳ ಸುರಕ್ಷಾ ಆಯೋಗವು ಲೆಕ್ಕ ಹಾಕಿತು. ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬರುವವರು ವರ್ಷಕ್ಕೆ ಸುಮಾರು ೧ ಲಕ್ಷ ಮಂದಿ ಎಂದು ಅದೇ ಆಯೋಗದ ಅಂದಾಜು. ನಾಲ್ಕು ಚಕ್ರವಿದ್ದೂ ಹೀಗೇಕೆ ಎಂಬ ಪ್ರಶ್ನೆಗೆ ಉತ್ತರ ತಿಳಿದರೆ ಹೊಸ ಸವಾರನ ಅರ್ಧ ಪಾಠ ಮುಗಿದಂತೆ.

ಸವಾರನ ಮೈಯೂ ಯಂತ್ರದ ಭಾಗ

ಕಾರಿನಲ್ಲಿ ಕುಳಿತವನ ತೂಕ ಕಾರಿನ ತೂಕದ ಮುಂದೆ ಅಲ್ಪ. ಅವನು ಎಡಕ್ಕೆ ಬಾಗಲಿ, ಬಲಕ್ಕೆ ಬಾಗಲಿ, ಕಾರಿಗೆ ಲೆಕ್ಕವಿಲ್ಲ. ಎ.ಟಿ.ವಿ.ಯ ಸಂಗತಿ ಹಾಗಲ್ಲ. ಉಬ್ಬುತಗ್ಗುಗಳಿಗೆ ತಗಲದಂತೆ ಅದರ ಒಡಲನ್ನು ನೆಲದಿಂದ ಎತ್ತರದಲ್ಲಿ ಇಟ್ಟಿರುತ್ತಾರೆ. ಮರಗಳ ನಡುವೆ ನುಸುಳಲು ಅಗಲವನ್ನು ಕಡಿಮೆ ಮಾಡಿರುತ್ತಾರೆ. ಅದರ ಮೇಲೆ, ಇನ್ನೂ ಎತ್ತರದಲ್ಲಿ, ಸವಾರನು ಕುಳಿತಿರುತ್ತಾನೆ. ಹುಲ್ಲನ್ನು ಎತ್ತರಕ್ಕೆ ಒಟ್ಟಿದ ಎತ್ತಿನ ಗಾಡಿ ಹಳ್ಳದ ಅಂಚಿನಲ್ಲಿ ಹೇಗೆ ವಾಲುತ್ತದೆಂಬುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಕಾರು ತಿರುಗುವಾಗ ಹೊರಬದಿಯ ಚಕ್ರವು ಒಳಬದಿಯ ಚಕ್ರಕ್ಕಿಂತ ಹೆಚ್ಚು ದೂರ ಕ್ರಮಿಸಬೇಕು. ಅದಕ್ಕಾಗಿ ಎರಡು ಚಕ್ರಗಳೂ ಬೇರೆ ಬೇರೆ ವೇಗದಲ್ಲಿ ಉರುಳುವಂತೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಪೆಟ್ಟಿಗೆಯನ್ನು ಕಾರಿನಲ್ಲಿ ಇಟ್ಟಿರುತ್ತಾರೆ. ಅನೇಕ ಎ.ಟಿ.ವಿ.ಗಳ ಹಿಂದಿನ ಅಚ್ಚಿನಲ್ಲಿ ಅದು ಇಲ್ಲ. ಹಿಂದಿನ ಎರಡು ಚಕ್ರಗಳೂ ಒಂದೇ ಅಚ್ಚಿಗೆ ಬಿಗಿದು ಒಂದೇ ವೇಗದಲ್ಲಿ ತಿರುಗುತ್ತವೆ. ಆದ್ದರಿಂದ ಹ್ಯಾಂಡಲನ್ನು ತಿರುಗಿಸಿದರೂ ಬಂಡಿ ನೇರವಾಗಿಯೇ ಹೋಗಲು ಹಟ ಹಿಡಿಯುತ್ತದೆ. ಸವಾರನು ತನ್ನ ಮೈಭಾರವನ್ನು ಮುಂದಕ್ಕೂ ತಿರುವಿನ ಒಳಬದಿಗೂ ಸರಿಸಿ, ಹೊರಬದಿಯ ಕಾಲುಮೆಟ್ಟಿನ ಮೇಲೆ ಪಾದವನ್ನು ಊರಿದಾಗ ಮಾತ್ರ ಒಳಚಕ್ರವು ತುಸು ಜಾರಿ, ಬಂಡಿ ಸರಾಗವಾಗಿ ತಿರುಗುತ್ತದೆ. ಮರದ ಬೊಂಬೆಯಂತೆ ಕುಳಿತವನು ತಿರುವಿನಲ್ಲಿ ಹೊರಕ್ಕೆ ಎಸೆಯಲ್ಪಡುತ್ತಾನೆ. ಅವನ ಹಿಂದೆಯೇ ೨೫೦ರಿಂದ ೩೫೦ ಕಿಲೋಗ್ರಾಂ ತೂಕದ ಯಂತ್ರವೂ ಉರುಳಿ ಬರಬಹುದು.

ಅಂದರೆ ಈ ಬಂಡಿಯನ್ನು ನಡೆಸುವುದು ಕೈಬೆರಳುಗಳಷ್ಟೇ ಅಲ್ಲ, ಇಡೀ ಮೈ. ಕುದುರೆ ಸವಾರಿಯನ್ನು ಕಲಿತವರು ಇದನ್ನು ಬೇಗ ಗ್ರಹಿಸುತ್ತಾರೆಂದರೆ ಆಶ್ಚರ್ಯವಿಲ್ಲ. ಕಾರನ್ನು ಹತ್ತು ವರ್ಷ ಓಡಿಸಿದವರಿಗೆ ಆ ಅಭ್ಯಾಸವೇ ಇಲ್ಲಿ ಅಡ್ಡಿಯಾಗುತ್ತದೆ.

ಹೊರಡುವ ಮುನ್ನ

ಮೊದಲ ಮಾತು ಉಡುಪಿನದು. ಮೋಟಾರು ಸೈಕಲ್ಲಿಗೆ ಯೋಗ್ಯವಾದ ಹೆಲ್ಮೆಟ್ಟು ತಲೆಗೆ ಬಿಗಿಯಾಗಿ ಕುಳಿತು, ಗದ್ದದ ಕೆಳಗೆ ಪಟ್ಟಿ ಕಟ್ಟಿರಬೇಕು. ಕೊಂಬೆ ಬಡಿದರೂ ಧೂಳು ಹಾರಿದರೂ ಕಣ್ಣು ಮುಚ್ಚದಿರಲು ಕನ್ನಡಕ ಬೇಕು. ಪೂರ್ಣ ತೋಳಿನ ಅಂಗಿ, ಉದ್ದನೆಯ ಷರಾಯಿ, ಕೈಚೀಲ, ಹರಡನ್ನು ಮುಚ್ಚುವ ಬೂಟು ಇವು ಆಡಂಬರವಲ್ಲ. ಸೀರೆಯ ಸೆರಗು, ದುಪ್ಪಟ್ಟ, ಕುತ್ತಿಗೆಯ ಉಲ್ಲನ್ ಪಟ್ಟಿ ಇವು ಚಕ್ರಕ್ಕೆ ಸುತ್ತಿಕೊಳ್ಳುವ ವಸ್ತುಗಳಾದ್ದರಿಂದ ಅವುಗಳೊಡನೆ ಏರಲೇಬಾರದು. ಚಪ್ಪಲಿಯ ಮಾತಂತೂ ಬೇಡ.

ಎರಡನೆಯದು ಯಂತ್ರದ ಪರೀಕ್ಷೆ. ಟೈರುಗಳಲ್ಲಿ ಗಾಳಿ ಸರಿಯಾಗಿದೆಯೇ ಎಂದು ಮೊದಲು ನೋಡಬೇಕು. ಕಾರಿನ ಟೈರಿನಲ್ಲಿ ಸುಮಾರು ೩೦ ಪೌಂಡಿನ ಒತ್ತಡವಿದ್ದರೆ ಎ.ಟಿ.ವಿ.ಯ ಟೈರಿನಲ್ಲಿ ಇರುವುದು ಕೆಲವೇ ಪೌಂಡುಗಳು; ಆದ್ದರಿಂದ ಅಲ್ಪ ಒತ್ತಡವನ್ನು ಅಳೆಯುವ ಬೇರೆ ಮಾಪಕವೇ ಬೇಕಾಗುತ್ತದೆ. ಒಂದು ಬದಿಯಲ್ಲಿ ಗಾಳಿ ಕಡಿಮೆಯಿದ್ದರೆ ಬಂಡಿ ಆ ಬದಿಗೇ ಎಳೆಯುತ್ತದೆ. ಆಮೇಲೆ ಬ್ರೇಕುಗಳು, ತಂತಿಗಳು, ದೀಪ, ಎಣ್ಣೆ, ಸರಪಳಿ, ಸಡಿಲಾದ ತಿರುಪುಗಳು. ಬಲಗೈ ಹೆಬ್ಬೆರಳಿನಿಂದ ಒತ್ತುವ ವೇಗದ ಸನ್ನೆಯನ್ನು ಒತ್ತಿ ಬಿಟ್ಟು, ಅದು ತಾನಾಗಿ ಹಿಂದಕ್ಕೆ ಚಿಮ್ಮುವುದೇ ಎಂದು ಖಚಿತ ಮಾಡಿಕೊಳ್ಳಬೇಕು. ಸಿಕ್ಕಿಕೊಳ್ಳುವ ಸನ್ನೆಯ ಬಂಡಿಯನ್ನು ಏರುವುದು ಲಗಾಮಿಲ್ಲದ ಕುದುರೆಯನ್ನು ಏರಿದಂತೆ. ಇಂಜಿನನ್ನು ಒಮ್ಮೆಗೇ ನಿಲ್ಲಿಸುವ ಗುಂಡಿ ಎಲ್ಲಿದೆಯೆಂದು ಕಣ್ಣು ಮುಚ್ಚಿಕೊಂಡೂ ಮುಟ್ಟುವಷ್ಟು ಅಭ್ಯಾಸವಾಗಬೇಕು.

ಬಯಲಿನಲ್ಲಿ ಅರ್ಧ ದಿನ

೧೯೮೮ರ ಸುಮಾರಿಗೆ ಅಮೆರಿಕದ ತಯಾರಕರು ಸೇರಿ ಎ.ಟಿ.ವಿ. ಸುರಕ್ಷಾ ಸಂಸ್ಥೆಯೊಂದನ್ನು ಕಟ್ಟಿದರು. ಅದರ ತರಬೇತಿ ಅರ್ಧ ದಿನದ್ದು. ಬಯಲಿನಲ್ಲಿ ಕೆಲವೇ ಮಂದಿಯ ಗುಂಪು. ನೆಲದ ಮೇಲೆ ಸಾಲಾಗಿ ಇಟ್ಟ ಬಣ್ಣದ ಶಂಕುಗಳು. ಮುಂದೆ ಒಬ್ಬ ಶಿಕ್ಷಕ. ಇಂಜಿನ್ ಹೊತ್ತಿಸುವ ಮೊದಲೇ ಕುಳಿತುಕೊಳ್ಳುವ ಪಾಠ ಆರಂಭವಾಗುತ್ತದೆ. ತಲೆ ಎತ್ತಿರಬೇಕು, ದೃಷ್ಟಿ ಚಕ್ರದ ಮೇಲಲ್ಲ, ಮುಂದಿನ ದಾರಿಯ ಮೇಲೆ, ಭುಜ ಸಡಿಲ, ಮೊಣಕೈ ತುಸು ಬಾಗಿ ಹೊರಗೆ, ಮಂಡಿಗಳು ಒಳಕ್ಕೆ, ಎರಡು ಪಾದಗಳೂ ಕಾಲುಮೆಟ್ಟುಗಳ ಮೇಲೆ.

ಈ ಕೊನೆಯ ಮಾತನ್ನು ಶಿಕ್ಷಕರು ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಬಂಡಿ ವಾಲಿತೆನ್ನಿಸಿದ ಕೂಡಲೇ ಸೈಕಲ್ ಬಲ್ಲವನು ಅಭ್ಯಾಸಬಲದಿಂದ ಕಾಲು ಊರುತ್ತಾನೆ. ಸೈಕಲ್ಲಿನಲ್ಲಿ ಅದು ರಕ್ಷಣೆ. ಎ.ಟಿ.ವಿ.ಯಲ್ಲಿ ಊರಿದ ಕಾಲಿನ ಮೇಲೆ ಹಿಂದಿನ ಚಕ್ರವೇ ಏರಿ ಬರುತ್ತದೆ. ಕಲಿತದ್ದನ್ನು ಮರೆಯುವುದು ಹೊಸದನ್ನು ಕಲಿಯುವುದಕ್ಕಿಂತ ಕಷ್ಟವೆಂಬುದಕ್ಕೆ ಇದೊಂದು ನಿದರ್ಶನ.

ಬಳಿಕ ಹೊರಡುವುದು, ನಿಲ್ಲುವುದು. ಸನ್ನೆಯನ್ನು ಮೆಲ್ಲಗೆ ಒತ್ತಿ ಹತ್ತು ಗಜ ಹೋಗಿ ನಿಲ್ಲುವುದು. ಮತ್ತೆ ಹೋಗುವುದು, ಮತ್ತೆ ನಿಲ್ಲುವುದು. ಇದು ಬೇಸರವೆನ್ನಿಸಿದವರು ಉಳಿದ ಪಾಠಕ್ಕೆ ಸಿದ್ಧರಿಲ್ಲವೆಂದೇ ತಿಳಿಯಬೇಕು. ಆಮೇಲೆ ಅಗಲವಾದ ತಿರುವು, ಅದಾದ ಬಳಿಕ ಇಕ್ಕಟ್ಟಾದ ತಿರುವು. ತಿರುವಿನ ಮೊದಲೇ ವೇಗ ಇಳಿಸಿ, ಹೋಗಬೇಕಾದ ಕಡೆಗೆ ದೃಷ್ಟಿ ತಿರುಗಿಸಿ, ಒಳಕ್ಕೆ ಬಾಗುವುದು. ಒಳಚಕ್ರ ನೆಲ ಬಿಟ್ಟು ಎದ್ದಂತಾದರೆ ಹೆಬ್ಬೆರಳನ್ನು ಸಡಿಲಿಸಿ, ಇನ್ನಷ್ಟು ಒಳಕ್ಕೆ ಬಾಗಿ, ತಿರುವನ್ನು ಅಗಲ ಮಾಡುವುದು. ಕೊನೆಗೆ ಅವಸರದ ನಿಲುಗಡೆ, ಎದುರಿಗೆ ಬಂದ ಅಡ್ಡಿಯಿಂದ ತಪ್ಪಿಸಿಕೊಳ್ಳುವುದು, ಬಿದ್ದ ಕೊರಡನ್ನು ದಾಟುವುದು. ಯಾವುದೂ ಕಠಿನವಲ್ಲ. ಆದರೆ ಅಪಾಯದ ಗಳಿಗೆಯಲ್ಲಿ ಯೋಚಿಸಲು ಸಮಯವಿರುವುದಿಲ್ಲ; ಬಯಲಿನಲ್ಲಿ ಮೈಗೆ ಹತ್ತಿದ್ದು ಮಾತ್ರ ಕಾಡಿನಲ್ಲಿ ಒದಗುತ್ತದೆ.

ಏರು ಮತ್ತು ಇಳಿಜಾರು

ಏರಿನ ಪಾಠ ಬೇರೆಯೇ. ಏರುವ ಮೊದಲು ಗುಡ್ಡದ ಆಚೆ ಏನಿದೆ ಎಂಬುದು ತಿಳಿದಿರಬೇಕು. ಕೆಳಗಿನ ಗೇರಿನಲ್ಲಿ, ಒಂದೇ ಸಮನಾದ ವೇಗದಲ್ಲಿ, ಮೈಯನ್ನು ಮುಂದಕ್ಕೆ ಬಾಗಿಸಿ ನೇರವಾಗಿ ಏರಬೇಕು. ನಡುವೆ ಸನ್ನೆಯನ್ನು ಥಟ್ಟನೆ ಒತ್ತಿದರೆ ಮುಂದಿನ ಚಕ್ರಗಳು ಎದ್ದು ಬಂಡಿ ಹಿಂದಕ್ಕೆ ಮಗುಚುತ್ತದೆ. ಇಳಿಯುವಾಗ ಮೈ ಹಿಂದಕ್ಕೆ, ಗೇರು ಕೆಳಗೆ, ದಾರಿ ನೇರ. ಅರ್ಧ ಏರಿನಲ್ಲಿ ಇಂಜಿನ್ ನಿಂತುಹೋದರೆ ಗಾಬರಿಪಡದೆ ಭಾರವನ್ನು ಏರಿನ ಕಡೆಗೇ ಇಟ್ಟು, ಬ್ರೇಕು ಹಿಡಿದು, ನಿಲುಗಡೆಯ ಬ್ರೇಕನ್ನು ಬಿಗಿದು, ಮೇಲಿನ ಪಕ್ಕಕ್ಕೆ ಇಳಿಯಬೇಕು. ಕೆಳಪಕ್ಕಕ್ಕೆ ಇಳಿದವನು ಯಂತ್ರ ಉರುಳುವ ದಾರಿಯಲ್ಲಿಯೇ ನಿಂತಂತಾಗುತ್ತದೆ. ಗುಡ್ಡದ ಮಗ್ಗುಲಲ್ಲಿ ಅಡ್ಡಲಾಗಿ ಹೋಗುವುದಂತೂ ಹೊಸಬರ ಕೆಲಸವೇ ಅಲ್ಲ.

ಮಗುಚಿದ ಬಂಡಿಯ ಅಡಿಗೆ ಸಿಕ್ಕವರು ಪೆಟ್ಟಿನಿಂದಲೇ ಸಾಯುತ್ತಾರೆಂದಲ್ಲ. ಎದೆಯ ಮೇಲೆ ಭಾರ ಬಿದ್ದು ಉಸಿರು ಕಟ್ಟಿ ಸಾಯುವವರೂ ಉಂಟು. ಒಬ್ಬಂಟಿಯಾಗಿ ಹೊಲಕ್ಕೆ ಹೋದ ಆಸ್ಟ್ರೇಲಿಯದ ರೈತರಲ್ಲಿ ಹೀಗೆ ಸತ್ತವರು ಅನೇಕರು. ಅದರಿಂದಾಗಿ ೨೦೨೧ರ ಅಕ್ಟೋಬರದಿಂದ ಆ ದೇಶದಲ್ಲಿ ಮಾರುವ ಹೊಲಗೆಲಸದ ಹೊಸ ಕ್ವಾಡ್ ಬೈಕುಗಳ ಹಿಂಭಾಗದಲ್ಲಿ, ಮಗುಚಿದರೂ ಸವಾರನ ಮೇಲೆ ಪೂರ್ಣ ಭಾರ ಬೀಳದಂತೆ ತಡೆಯುವ ಚೌಕಟ್ಟು ಇರಲೇಬೇಕೆಂದು ಸರ್ಕಾರ ವಿಧಿಸಿತು. ಒಬ್ಬರೇ ಹೋಗಬಾರದು, ಹೋಗುವ ದಾರಿಯನ್ನೂ ಮರಳುವ ಹೊತ್ತನ್ನೂ ಮನೆಯವರಿಗೆ ತಿಳಿಸಿರಬೇಕು ಎಂಬ ಬುದ್ಧಿಮಾತು ಬಂದದ್ದೂ ಇಂಥ ಸಾವುಗಳಿಂದಲೇ.

ಡಾಂಬರು ರಸ್ತೆ ಇದಕ್ಕಿಂತ ಸುಲಭವೆಂದು ತೋರಬಹುದು. ನಿಜಸ್ಥಿತಿ ವಿಪರೀತವಾಗಿದೆ. ಒಳಚಕ್ರವು ಮಣ್ಣಿನಲ್ಲಿ ಜಾರುವಂತೆ ಡಾಂಬರಿನ ಮೇಲೆ ಜಾರುವುದಿಲ್ಲ. ಮೆದುವಾದ ಟೈರು ಅಲ್ಲಿ ಥಟ್ಟನೆ ಹಿಡಿಯುತ್ತದೆ, ಬಂಡಿ ಮಗುಚುತ್ತದೆ. ಎದುರಿನಿಂದ ಬರುವ ಕಾರು, ಲಾರಿಗಳ ಭಯ ಬೇರೆ. ಎಲ್ಲ ನೆಲದ ಬಂಡಿ ಎಂಬ ಹೆಸರಿದ್ದರೂ ಸುಗಮವಾದ ರಸ್ತೆಯೇ ಅದಕ್ಕೆ ಒಗ್ಗದ ನೆಲ.

ಉದ್ದನೆಯ ಆಸನದ ಮೋಸ

ಎ.ಟಿ.ವಿ.ಯ ಆಸನ ಉದ್ದವಾಗಿರುತ್ತದೆ. ಅದನ್ನು ಕಂಡ ಯಾರಿಗಾದರೂ ಇಬ್ಬರು ಕೂರಬಹುದೆಂದು ತೋರುತ್ತದೆ. ತಂದೆಯ ಬೆನ್ನಿಗೆ ಮಗ, ಅಣ್ಣನ ಬೆನ್ನಿಗೆ ತಂಗಿ ಹತ್ತಿ ಕುಳಿತ ಛಾಯಾಚಿತ್ರಗಳು ಎಷ್ಟೋ ಮನೆಗಳಲ್ಲಿರಬಹುದು. ಆದರೆ ಆ ಉದ್ದ ಇಬ್ಬರಿಗಾಗಿ ಮಾಡಿದ್ದಲ್ಲ. ಏರಿನಲ್ಲಿ ಮುಂದಕ್ಕೆ, ಇಳಿಜಾರಿನಲ್ಲಿ ಹಿಂದಕ್ಕೆ ಒಬ್ಬನೇ ಸವಾರನು ಸರಿದಾಡಲಿ ಎಂದು ಮಾಡಿದ್ದು. ಹಿಂದೆ ಇನ್ನೊಬ್ಬರು ಕುಳಿತರೆ ಸವಾರನಿಗೆ ಸರಿಯುವ ಎಡೆ ಉಳಿಯುವುದಿಲ್ಲ. ಹಿಂದಿನವರ ಭಾರ ಯಾವ ಗಳಿಗೆಯಲ್ಲಿ ಯಾವ ಕಡೆಗೆ ವಾಲುವುದೋ ಅವನಿಗೆ ತಿಳಿಯುವುದಿಲ್ಲ. ತಯಾರಕರೇ ಇಬ್ಬರಿಗೆಂದು ಉದ್ದ ಮಾಡಿ ರೂಪಿಸಿದ ಬೇರೆ ಮಾದರಿಗಳಿವೆ. ಉಳಿದೆಲ್ಲವುಗಳ ಮೇಲೆ 'ಇನ್ನೊಬ್ಬರನ್ನು ಕೂರಿಸಬೇಡಿ' ಎಂಬ ಫಲಕವಿರುತ್ತದೆ. ಅದನ್ನು ಓದುವವರಿಗಿಂತ ಅದರ ಮೇಲೆ ಕಾಲಿಟ್ಟು ಹತ್ತುವವರೇ ಹೆಚ್ಚು.

ಮಕ್ಕಳ ಮಾತು

ಇಡೀ ವಿಷಯದಲ್ಲಿ ತಂದೆತಾಯಿಗಳು ನಿಂತು ಯೋಚಿಸಬೇಕಾದ ಸ್ಥಳ ಇದು. ೩೦ ಕಿಲೋಗ್ರಾಂ ತೂಕದ ಬಾಲಕನೊಬ್ಬನು ೩೦೦ ಕಿಲೋಗ್ರಾಂ ಯಂತ್ರವನ್ನು ಮೈಭಾರದಿಂದ ಹತೋಟಿಯಲ್ಲಿಡುವುದು ಸಾಧ್ಯವೇ? ಬುದ್ಧಿವಂತಿಕೆಯಾಗಲಿ ಧೈರ್ಯವಾಗಲಿ ಆ ವ್ಯತ್ಯಾಸವನ್ನು ತುಂಬಲಾರದು. ೧೬ ವರ್ಷ ತುಂಬದವರಿಗೆ ದೊಡ್ಡವರ ಯಂತ್ರವನ್ನು ಕೊಡಕೂಡದೆಂದು ತಯಾರಕರು ಹೇಳುತ್ತಾರೆ. ೬, ೧೦, ೧೨ ವರ್ಷ ತುಂಬಿದವರಿಗಾಗಿ ವೇಗವನ್ನು ಮಿತಿಗೊಳಿಸಿದ ಸಣ್ಣ ಯಂತ್ರಗಳನ್ನು ಅವರು ಬೇರೆಯಾಗಿ ತಯಾರಿಸುತ್ತಾರೆ. ಅವುಗಳಿಗೂ ಹಿರಿಯರ ಕಾವಲು ಬೇಕೆನ್ನುತ್ತಾರೆ. ಅಮೆರಿಕದ ಶಿಶುವೈದ್ಯರ ಅಕಾಡೆಮಿಯ ಅಭಿಪ್ರಾಯ ಇನ್ನೂ ಕಟ್ಟುನಿಟ್ಟು: ೧೬ರೊಳಗಿನವರಿಗೆ ಯಾವ ಗಾತ್ರದ ಎ.ಟಿ.ವಿ.ಯೂ ಬೇಡ.

ಮಸಾಚುಸೆಟ್ಸ್ ರಾಜ್ಯದಲ್ಲಿ ೨೦೦೬ರಲ್ಲಿ ಎಂಟು ವರ್ಷದ ಬಾಲಕನೊಬ್ಬನು ಎ.ಟಿ.ವಿ. ಅಪಘಾತದಲ್ಲಿ ಮಡಿದನು. ಅವನ ತಂದೆತಾಯಿಗಳು ತಮ್ಮ ಶೋಕವನ್ನು ಮನೆಯೊಳಗೇ ಇಟ್ಟುಕೊಳ್ಳದೆ ಶಾಸನಸಭೆಯ ಮುಂದೆ ಕೊಂಡೊಯ್ದರು. ೨೦೧೦ರಲ್ಲಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ೧೪ ವರ್ಷದೊಳಗಿನ ಮಕ್ಕಳು ಎ.ಟಿ.ವಿ.ಯನ್ನು ಓಡಿಸಕೂಡದೆಂಬ ಕಾನೂನು ಆ ರಾಜ್ಯದಲ್ಲಿ ಬಂದಿತು. ಬಾಲಕನ ಹೆಸರನ್ನೇ ಅದಕ್ಕೆ ಇಟ್ಟರು. ತರುವಾಯದ ವರ್ಷಗಳ ಲೆಕ್ಕ ನೋಡಿದಾಗ ಗಾಯಗೊಂಡು ಆಸ್ಪತ್ರೆಗೆ ಬರುವ ಮಕ್ಕಳ ಸಂಖ್ಯೆ ಗಮನಾರ್ಹವಾಗಿ ಇಳಿದಿತ್ತು. ಯಂತ್ರಗಳು ಅವೇ, ಗುಡ್ಡಗಳೂ ಅವೇ. 'ಬೇಡ' ಎನ್ನುವ ಧೈರ್ಯವೊಂದು ಹಿರಿಯರಿಗೆ ಬಂದಿತ್ತು.

ರಜೆಯ ದಿನದ ಸವಾರಿ

ಕರ್ನಾಟಕದ ವಿಹಾರಧಾಮಗಳಲ್ಲಿ ಎ.ಟಿ.ವಿ. ಏರುವವನಿಗೆ ಅರ್ಧ ದಿನದ ತರಬೇತಿಯ ಅವಕಾಶ ಸಾಮಾನ್ಯವಾಗಿ ಇರುವುದಿಲ್ಲ. ಚೀಟಿ ಕೊಂಡು, ಸಾಲಿನಲ್ಲಿ ನಿಂತು, ಸರದಿ ಬಂದಾಗ ಏರುವುದಷ್ಟೇ. ಹಾಗಿರುವಾಗ ಎಚ್ಚರದ ಭಾರವೆಲ್ಲ ಏರುವವರ ಮೇಲೆಯೇ ಬೀಳುತ್ತದೆ. ಅವರು ಕೇಳಬೇಕಾದ ಪ್ರಶ್ನೆಗಳು ಹೆಚ್ಚೇನಿಲ್ಲ. ತಲೆಗೆ ಸರಿಹೊಂದುವ ಹೆಲ್ಮೆಟ್ಟು ಇದೆಯೇ? ವೇಗದ ಸನ್ನೆ ಸಲೀಸಾಗಿ ಹಿಂದಿರುಗುತ್ತದೆಯೇ? ಇಂಜಿನ್ ನಿಲ್ಲಿಸುವ ಗುಂಡಿ ಯಾವುದು? ದಾರಿಯಲ್ಲಿ ಕಡಿದಾದ ಏರುಗಳಿವೆಯೇ? ಮೊದಲ ಸುತ್ತನ್ನು ಸಮನೆಲದಲ್ಲಿ ನಿಧಾನವಾಗಿ ಮುಗಿಸಲು ಅವಕಾಶವುಂಟೇ? ಇವುಗಳಿಗೆ ಸಮಾಧಾನದ ಉತ್ತರ ದೊರೆಯದಿದ್ದರೆ ಕೊಟ್ಟ ಹಣ ಹೋದರೂ ಚಿಂತೆಯಿಲ್ಲ, ಹಿಂದಿರುಗುವುದೇ ಲೇಸು. ಮಕ್ಕಳು ಹಟ ಮಾಡಬಹುದು. ಹಟ ಸಂಜೆಯ ಹೊತ್ತಿಗೆ ಮರೆತುಹೋಗುತ್ತದೆ.

ಇಷ್ಟೆಲ್ಲ ಹೇಳಿದ್ದು ಈ ಬಂಡಿಯ ಮೇಲೆ ದ್ವೇಷ ಹುಟ್ಟಿಸುವುದಕ್ಕಲ್ಲ. ವಿಧಿಪೂರ್ವಕವಾಗಿ ಕಲಿತವರಿಗೆ ಅದು ಒಳ್ಳೆಯ ಸಂಗಾತಿ. ಕಾಲುನಡಿಗೆಗೆ ದೂರವಾದ, ಕಾರಿಗೆ ಎಟುಕದ ಎಷ್ಟೋ ನೆಲಗಳನ್ನು ಅದು ತೋರಿಸಿಕೊಡುತ್ತದೆ. ಮೈ ಮತ್ತು ಯಂತ್ರ ಒಂದೇ ಆಗಿ ತಿರುವನ್ನು ದಾಟಿದಾಗ ಸಿಗುವ ಸಂತೋಷವೂ ಸುಳ್ಳಲ್ಲ. ಹೊಸ ಸವಾರನು ಮರೆಯಬಾರದ್ದು ಒಂದೇ: ನಾಲ್ಕು ಚಕ್ರಗಳಿವೆಯೆಂದು ನಂಬಿ ಸುಮ್ಮನೆ ಕುಳಿತವನನ್ನು ಈ ಬಂಡಿ ಎಸೆಯುತ್ತದೆ, ತನ್ನ ಮೈಯನ್ನೂ ಮನಸ್ಸನ್ನೂ ಅದಕ್ಕೆ ಕೊಟ್ಟು ನಡೆಸಿದವನನ್ನು ಹೊರಟ ಮನೆಗೇ ಕ್ಷೇಮವಾಗಿ ಮರಳಿ ತರುತ್ತದೆ.